ಕೆಲಸ ನಿಲ್ಲದಂತೆ ನಕಲು ತೆಗೆಯುವ ವಿದ್ಯೆ

ಬಿತ್ತನೆಯ ದಿನಗಳು ಬಂದರೆ ನವಲಗುಂದ, ಕುಂದಗೋಳ, ಅಣ್ಣಿಗೇರಿಯ ರೈತರಿಗೆ ಉತಾರ, ಅಂದರೆ ಪಹಣಿಯ ಪ್ರತಿ, ಬೇಕೇ ಬೇಕು. ಬೆಳೆಸಾಲಕ್ಕೂ ಅದೇ, ಬೆಳೆವಿಮೆಗೂ ಅದೇ. ಕೈಬರಹದ ಪುಸ್ತಕಗಳಲ್ಲಿದ್ದ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದದ್ದು 'ಭೂಮಿ' ಯೋಜನೆ. 2000ದ ಆಸುಪಾಸಿನ ಆ ದಿನಗಳಲ್ಲಿ ಒಂದು ಪ್ರತಿಗೆ 15 ರೂಪಾಯಿ ಇತ್ತು. ಇಂಥ ದಾಖಲೆಯಲ್ಲಿ ಒಬ್ಬರು ಉತಾರ ತೆಗೆಸುವಾಗಲೇ ಇನ್ನೊಬ್ಬರ ವಾರಸಾ ನಮೂದಾಗುತ್ತಿರುತ್ತದೆ. ಅದರ ನಡುವೆಯೇ ಎಲ್ಲದರ ಬ್ಯಾಕಪ್ ಕೂಡ ಆಗಬೇಕು.

ತೊಡಕು ಎಲ್ಲಿದೆ ನೋಡಿ. ಕಲಘಟಗಿ ಕಡೆಯ 8 ಎಕರೆ ಹೊಲವೊಂದು ಅಣ್ಣತಮ್ಮಂದಿರ ವಾಟ್ನಿಯಲ್ಲಿ 4 ಎಕರೆಯ ಎರಡು ಹಿಸ್ಸಾ ಆಗುತ್ತಿದೆ ಎನ್ನಿ. ಹಳೆಯ ಸಾಲು ಅಳಿಯಬೇಕು, ಎರಡು ಹೊಸ ಸಾಲು ಸೇರಬೇಕು. ಬ್ಯಾಕಪ್ ಹಳೆಯ ಸಾಲನ್ನು ನಕಲು ಮಾಡಿಕೊಂಡಿತು. ಅಷ್ಟರಲ್ಲಿ ವಾಟ್ನಿ ಮುಗಿಯಿತು. ಆಮೇಲೆ ಹೊಸ ಸಾಲುಗಳನ್ನೂ ನಕಲು ಮಾಡಿತು. ನಕಲಿನಲ್ಲಿ ಹೊಲ 16 ಎಕರೆ! ಓದುವ ಸರದಿ ತಿರುಗಿದರೆ ಹೊಲವೇ ಮಾಯ. ಮೂಲ ಸರಿಯಿದ್ದೂ ನಕಲು ಸುಳ್ಳಾಗುತ್ತದೆ.

ಹಳೆಯ ಪರಿಹಾರ ಬೀಗ, ಅಂದರೆ ಲಾಕ್: ಒಬ್ಬರು ತಿದ್ದುತ್ತಿರುವ ಸಾಲನ್ನು ಇನ್ನೊಬ್ಬರು ಮುಟ್ಟದಂತೆ ತಡೆಯುವುದು. 1976ರಲ್ಲಿ ಐಬಿಎಂನ ಕೆ. ಪಿ. ಈಶ್ವರನ್, ಜಿಮ್ ಗ್ರೇ ಮತ್ತು ಸಂಗಡಿಗರು ಇದಕ್ಕೊಂದು ಕಟ್ಟುನಿಟ್ಟಿನ ನಿಯಮ ಕೊಟ್ಟರು: ಒಂದು ಕೆಲಸ ತನ್ನ ಒಂದು ಬೀಗ ಬಿಟ್ಟ ಮೇಲೆ ಹೊಸ ಬೀಗ ಹಾಕುವಂತಿಲ್ಲ. ಲೆಕ್ಕ ತಪ್ಪುವುದಿಲ್ಲ, ಆದರೆ ಜನ ಕಾಯಬೇಕಾಗುತ್ತದೆ. ಡೇಟಾಬೇಸ್ ತಂತ್ರಾಂಶವಾದ ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್‌ನ ಮೂಲ ಸೆಟ್ಟಿಂಗ್‌ನಲ್ಲಿ ಬರೆಯುವವನು ಓದುವವನನ್ನು ತಡೆಯುತ್ತಾನೆ. ಒಂದೇ ಆದೇಶ ಒಂದು ಕೋಷ್ಟಕದ ಮೇಲೆ ಸುಮಾರು 5,000 ಬೀಗ ಹಿಡಿದರೆ ಇಡೀ ಕೋಷ್ಟಕಕ್ಕೇ ಬೀಗ ಹಾಕಲು ಅದು ಯತ್ನಿಸುತ್ತದೆ.

ಒರಾಕಲ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್‌ನ ಇನ್ನೋಡಿಬಿ ಬೇರೆ ದಾರಿ ಹಿಡಿದವು. ಸಾಲು ಬದಲಾದರೂ ಹಳೆಯ ರೂಪವನ್ನು ಉಳಿಸಿಕೊಳ್ಳುತ್ತವೆ. ಓದುವವನಿಗೆ ತಾನು ಓದಲು ತೊಡಗಿದ ಗಳಿಗೆಯ ಚಿತ್ರವೇ ಕಾಣುತ್ತದೆ. ಒಂದೇ ಸಾಲನ್ನು ತಿದ್ದುವ ಇಬ್ಬರು ಮಾತ್ರ ಸರದಿ ಕಾಯುತ್ತಾರೆ. ಎಸ್‌ಕ್ಯುಎಲ್ ಸರ್ವರ್ ಕೂಡ 2005ರ ಆವೃತ್ತಿಯಲ್ಲಿ ಈ ಸೌಲಭ್ಯ ತಂದಿತು. ನನ್ನ ದೃಷ್ಟಿಯಲ್ಲಿ ಸಾರ್ವಜನಿಕ ದಾಖಲೆಗೆ ಇದೇ ಒಳ್ಳೆಯ ದಾರಿ. ಆದರೆ ಇದು ಪುಕ್ಕಟೆಯಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಹಳೆಯ ರೂಪಗಳು ಕೋಷ್ಟಕದೊಳಗೇ ಕೂಡುತ್ತ ಹೋಗುತ್ತವೆ, ಅವನ್ನು 'ವ್ಯಾಕ್ಯೂಮ್' ಗುಡಿಸಬೇಕು. ಒರಾಕಲ್‌ನಲ್ಲಿ ಓದು ತೀರಾ ಉದ್ದವಾದರೆ 'ಸ್ನ್ಯಾಪ್‌ಶಾಟ್ ಟೂ ಓಲ್ಡ್' ಎಂಬ ದೋಷ ಎದುರಾಗುತ್ತದೆ.

ಬ್ಯಾಕಪ್‌ಗೂ ಈ ಚಿತ್ರವೇ ಆಧಾರ. ಪೋಸ್ಟ್‌ಗ್ರೆಸ್‌ನ ಪಿಜಿ-ಡಂಪ್ ಒಂದೇ ಗಳಿಗೆಯ ಚಿತ್ರವನ್ನು ಹಿಡಿದು ಗಂಟೆಗಟ್ಟಲೆ ಓದಬಲ್ಲದು. ಅಷ್ಟು ಹೊತ್ತು ಕೋಷ್ಟಕದ ರಚನೆ ಬದಲಿಸುವಂತಿಲ್ಲ, ದಾಖಲೆ ತಿದ್ದಲು ಅಡ್ಡಿಯಿಲ್ಲ. ಇನ್ನೋಡಿಬಿಗೆ ಮೈಎಸ್‌ಕ್ಯುಎಲ್-ಡಂಪ್‌ನ 'ಸಿಂಗಲ್ ಟ್ರಾನ್ಸಾಕ್ಷನ್' ಆಯ್ಕೆ ಇದೆ. ಹಳೆಯ ಮೈಐಸ್ಯಾಮ್ ಕೋಷ್ಟಕಗಳಿಗೆ ಈ ಅನುಕೂಲವಿಲ್ಲ, ಅಲ್ಲಿ ಬರೆಯುವುದನ್ನೇ ನಿಲ್ಲಿಸಬೇಕು. ಎಸ್‌ಕ್ಯುಎಲ್ ಸರ್ವರ್‌ನ ಬ್ಯಾಕಪ್ ದಾರಿಯೇ ಬೇರೆ, ಅದು ಸಾಲುಗಳ ಬೀಗಕ್ಕಾಗಿ ಕಾಯುವುದೇ ಇಲ್ಲ. ಪುಟಗಳನ್ನು ಇದ್ದ ಹಾಗೆ ನಕಲು ಮಾಡಿ, ಆ ಹೊತ್ತಿನಲ್ಲಿ ಆದ ಬದಲಾವಣೆಗಳ ಲಾಗ್ ಅನ್ನೂ ಜೊತೆಗಿಡುತ್ತದೆ. ಮರಳಿ ತುಂಬುವಾಗ ಆ ಲಾಗ್ ಓದಿ ಲೆಕ್ಕ ಸರಿಪಡಿಸುತ್ತದೆ.

ಹಳ್ಳಿಯ ಸೊಸೈಟಿಯಲ್ಲಿ, ಗೊಬ್ಬರದಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಒಂದು ಮಾತು. ಚಾಲೂ ಇರುವ ಡೇಟಾಬೇಸಿನ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಅದು ಬ್ಯಾಕಪ್ ಅಲ್ಲ. ಡೇಟಾಬೇಸೇ ಕೊಡುವ ಬ್ಯಾಕಪ್ ಸಾಧನ ಬಳಸಿರಿ. ಅದನ್ನು ಇನ್ನೊಂದು ಯಂತ್ರದಲ್ಲಿ ತಿಂಗಳಿಗೊಮ್ಮೆಯಾದರೂ ಮರಳಿ ತುಂಬಿ, ಲೆಕ್ಕ ತಾಳೆಯಾಗುತ್ತದೆಯೇ ನೋಡಿರಿ.