ಹತ್ತಿಯ ಹುಳುವೂ ವಂಶದ ಲೆಕ್ಕವೂ



ರಾಯಚೂರಿನ ಹತ್ತಿ ಮಾರುಕಟ್ಟೆಯನ್ನು ಕಂಡವರಿಗೆ ದೇವದುರ್ಗ, ಮಾನ್ವಿಗಳ ಎರೆಭೂಮಿಯ ಪರಿಚಯ ಹೇಳಬೇಕಾದುದಿಲ್ಲ. ೨೦೦೨ರಲ್ಲಿ ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಗಿಡವೇ ಹುಳುವಿಗೆ ವಿಷವಾದುದರಿಂದ ಕಾಯಿಕೊರಕದ ಭಯ ತೀರಿತೆಂದು ಹಲವರು ನಂಬಿದರು. ಆದರೆ ೨೦೧೫ರ ಹಂಗಾಮಿನಲ್ಲಿ ರಾಯಚೂರು ಜಿಲ್ಲೆಯ ಬಿಟಿ ಹತ್ತಿಯ ಕಾಯಿಗಳೊಳಗೆ ಗುಲಾಬಿ ಹುಳು ಜೀವಂತವಾಗಿತ್ತು. ವಿಷವನ್ನು ಗೆದ್ದ ಹುಳು ಎಲ್ಲಿಂದ ಬಂದಿತು? ಇದಕ್ಕೆ ಉತ್ತರ ಒಂದು ಸುಲಭವಾದ ಲೆಕ್ಕದಲ್ಲಿದೆ.

ಒಂದೊಂದು ಗುಣಕ್ಕೂ ಹುಳುವಿನಲ್ಲಿ ಎರಡು ವಂಶವಾಹಿಗಳಿರುತ್ತವೆ. ತಾಯಿಯಿಂದ ಒಂದು, ತಂದೆಯಿಂದ ಒಂದು. ವಿಷಕ್ಕೆ ಸೋಲುವ ರೂಪವನ್ನು ‘ಸ’ ಎಂದೂ, ವಿಷವನ್ನು ತಡೆಯುವ ರೂಪವನ್ನು ‘ತ’ ಎಂದೂ ಕರೆಯೋಣ. ತಡೆಯುವ ಗುಣವು ಸಾಮಾನ್ಯವಾಗಿ ಅಪ್ರಬಲವಾದುದು. ಆದುದರಿಂದ ‘ತತ’ ಹುಳು ಮಾತ್ರ ಬದುಕುತ್ತದೆ. ‘ಸತ’ ಹುಳುವು ‘ಸಸ’ದಂತೆಯೇ ಸಾಯುತ್ತದೆ.

ಉದಾಹರಣೆಗೆ, ನೂರು ಹುಳುಗಳಲ್ಲಿ ೮೧ ಸಸ, ೧೮ ಸತ, ೧ ತತ ಇವೆಯೆಂದು ಭಾವಿಸಿರಿ. ವಂಶವಾಹಿಗಳು ಒಟ್ಟು ೨೦೦. ಅವುಗಳಲ್ಲಿ ‘ತ’ ರೂಪದವು ೧೮ಕ್ಕೆ ೨ ಕೂಡಿ ೨೦. ಎಂದರೆ ಹತ್ತರಲ್ಲೊಂದು ಪಾಲು. ಇನ್ನು ಲೆಕ್ಕವನ್ನು ತಿರುಗಿಸಿ ನೋಡೋಣ. ಹತ್ತರಲ್ಲೊಂದನ್ನು ಹತ್ತರಲ್ಲೊಂದರಿಂದ ಗುಣಿಸಿದರೆ ನೂರರಲ್ಲೊಂದು ‘ತತ’ ದೊರೆಯುತ್ತದೆ. ೧೯೦೮ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಯೂ ಜರ್ಮನಿಯ ವೈದ್ಯ ವೈನ್‌ಬರ್ಗನೂ ಬೇರೆಬೇರೆಯಾಗಿ ಕಂಡುಕೊಟ್ಟ ನಿಯಮವಿದು. ಸಂತತಿ ದೊಡ್ಡದಾಗಿದ್ದು, ಕೂಡುವಿಕೆಯಲ್ಲಿ ಆಯ್ಕೆಯಿಲ್ಲದೆ, ಯಾವ ರೂಪಕ್ಕೂ ಹೆಚ್ಚಿನ ಸಾವಿಲ್ಲದೆ, ಹೊರಗಿನಿಂದ ವಲಸೆಯೂ ಇಲ್ಲದಿದ್ದರೆ ಇದು ಸಲ್ಲುತ್ತದೆ.

ಇದರ ಪ್ರಯೋಜನವೇನು? ವಿಷದ ಸೋಂಕಿಲ್ಲದ ಸಂತತಿಯಲ್ಲಿ ಹತ್ತು ಸಾವಿರಕ್ಕೆ ಒಂದೇ ‘ತತ’ ಇದೆಯೆನ್ನೋಣ. ಅದರ ವರ್ಗಮೂಲವೇ ‘ತ’ದ ಪಾಲು, ನೂರರಲ್ಲೊಂದು. ಹಾಗಾದರೆ ‘ಸತ’ ಹುಳುಗಳು ೧೯೮! ಕಣ್ಣಿಗೆ ಬೀಳುವ ಒಂದರ ಹಿಂದೆ ಸುಮಾರು ಇನ್ನೂರು ಗುಪ್ತವಾಹಕಗಳು ಅಡಗಿರುತ್ತವೆ. ವಿಷವನ್ನು ಗೆದ್ದ ಗುಣ ಹೊಸದಾಗಿ ಬರಬೇಕಾಗಿರಲಿಲ್ಲ. ಅದು ಮೊದಲೇ ಹೊಲದಲ್ಲಿರಬಹುದಾಗಿತ್ತು.

ಬಿಟಿ ಹೊಲದ ಅಂಚಿನಲ್ಲಿ ಸಾಮಾನ್ಯ ಹತ್ತಿಯನ್ನು ಐದು ಸಾಲು, ಇಲ್ಲವೆ ಶೇಕಡ ೨೦ರಷ್ಟು, ಯಾವುದು ಹೆಚ್ಚೋ ಅಷ್ಟು ಬಿತ್ತಬೇಕೆಂದು ಹಿಂದೆ ಇದ್ದ ವಿಧಿಯ ಮರ್ಮ ಇದೇ. ಆ ಸಾಲುಗಳಲ್ಲಿ ಬದುಕುಳಿದ ‘ಸಸ’ ಪತಂಗವು ‘ತತ’ ಪತಂಗವನ್ನು ಕೂಡಿದರೆ ಮರಿಗಳೆಲ್ಲ ‘ಸತ’. ಬಿಟಿ ಗಿಡದ ಮೇಲೆ ಸಾಯುತ್ತವೆ. ಆ ಸಾಲುಗಳಿಲ್ಲದಿದ್ದರೆ ‘ತತ’ವು ‘ತತ’ವನ್ನೇ ಕೂಡಿ, ಮರಿಗಳೆಲ್ಲ ಬದುಕುತ್ತವೆ. ಅನೇಕರು ಆ ಅಂಚನ್ನು ನಷ್ಟವೆಂದೆಣಿಸಿ ಬಿಟ್ಟುಬಿಟ್ಟರು. ಲೆಕ್ಕವನ್ನು ಅರಿತವನಿಗೆ ಅದು ನಷ್ಟವಲ್ಲ. ಉಳಿದ ಹೊಲಕ್ಕೆ ಕಟ್ಟಿದ ಕಾವಲು.