ತಲೆಗೆ ತಲೆ ಸೇರಿಸಿ ನಿಂತ ಹುಡುಗರು

ಶಾಲಾ ಕ್ರೀಡಾಕೂಟದ ದಿನ ನೀವೂ ಮೈದಾನದ ಅಂಚಿನಲ್ಲಿ ನಿಂತು ನೋಡಿರುತ್ತೀರಿ. ಆಟ ಶುರುವಾಗುವ ಮೊದಲು ಹುಡುಗರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ, ತಲೆಗೆ ತಲೆ ಸೇರಿಸಿ, ವೃತ್ತವಾಗಿ ಬಗ್ಗಿ ನಿಲ್ಲುತ್ತಾರೆ. ನಾಯಕ ಏನೋ ಪಿಸುಗುಟ್ಟುತ್ತಾನೆ. ಆಮೇಲೆ ಒಂದೇ ಕೂಗು, ಎಲ್ಲರೂ ಚದುರಿ ತಂತಮ್ಮ ಜಾಗಕ್ಕೆ ಓಡುತ್ತಾರೆ. ಟಿ.ವಿ.ಯಲ್ಲಿ ಕ್ರಿಕೆಟ್ ತಂಡದವರು ಮಾಡುವುದನ್ನು ನೋಡಿ ಕಲಿತದ್ದು. ಇದಕ್ಕೆ ‘ಹಡಲ್’ ಎಂದು ಹೆಸರು.

ಈ ಹಡಲ್ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಒಂದು ಸಣ್ಣ ಕಾಲೇಜಿಗೆ ಬಂದು ನಿಲ್ಲುತ್ತೇವೆ. ಅದು ಕಿವಿ ಕೇಳದವರ ಕಾಲೇಜು. ಅಲ್ಲಿ ಪಾಠ ನಡೆಯುವುದು ಕೈಯಲ್ಲಿ, ಸಂಜ್ಞಾಭಾಷೆಯಲ್ಲಿ. ಫುಟ್‌ಬಾಲ್ ತಂಡವೊಂದರ ಕಥೆಯನ್ನು ಕನ್ನಡ ಮಾಧ್ಯಮದ ಪುಟದಲ್ಲಿ ಯಾಕೆ ಹೇಳಬೇಕು ಎಂದು ನೀವು ಕೇಳಬಹುದು. ಆ ತಂಡದ ಏಳುಬೀಳೆಲ್ಲ ಅದರ ಮಾಧ್ಯಮ ಭಾಷೆಯ ಜೊತೆಗೇ ಹೆಣೆದುಕೊಂಡಿದೆ, ಅದಕ್ಕೆ.

ಕಾಲೇಜಿನ ಹೆಸರು ಗ್ಯಾಲೋಡೆಟ್. 1857ರಲ್ಲಿ ಕಿವುಡ ಮತ್ತು ಕುರುಡ ಮಕ್ಕಳ ಶಾಲೆಯಾಗಿ ಹುಟ್ಟಿತು. ಏಮೋಸ್ ಕೆಂಡಾಲ್ ಎಂಬ ಸ್ಥಿತಿವಂತರು ತಮ್ಮ ಜಮೀನನ್ನೂ ಮನೆಯನ್ನೂ ಕೊಟ್ಟರು. ಶಾಲೆ ನಡೆಸಲು ಬಂದವರು ಎಡ್ವರ್ಡ್ ಮೈನರ್ ಗ್ಯಾಲೋಡೆಟ್. ಆಗ ಅವರಿಗೆ ವಯಸ್ಸು ಬರೀ 20. ಅವರಿಗೆ ಕಿವಿ ಕೇಳುತ್ತಿತ್ತು, ತಾಯಿ ಸೋಫಿಯಾ ಅವರಿಗೆ ಕೇಳುತ್ತಿರಲಿಲ್ಲ. ಹಾಗಾಗಿ ಸನ್ನೆಯ ಭಾಷೆ ಅವರಿಗೆ ಅಕ್ಷರಶಃ ಮಾತೃಭಾಷೆ. ಆ ತಾಯಿಯೂ ಮಗನ ಜೊತೆ ಬಂದು ಶಾಲೆಯ ಮಕ್ಕಳನ್ನು ನೋಡಿಕೊಂಡರು. 1864ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ ಸಹಿ ಹಾಕಿ ಈ ಸಂಸ್ಥೆಗೆ ಪದವಿ ಕೊಡುವ ಅಧಿಕಾರ ನೀಡಿದರು.

ಫುಟ್‌ಬಾಲ್ ಅಲ್ಲಿಗೆ ಬಂದದ್ದು 1883ರಲ್ಲಿ. ಇದು ನಮ್ಮ ಮಕ್ಕಳು ಆಡುವ ಕಾಲ್ಚೆಂಡಲ್ಲ. ಚೆಂಡು ಉದ್ದಕ್ಕಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ಒಬ್ಬ ಬಿದ್ದೊಡನೆ ಆಟ ನಿಲ್ಲುತ್ತದೆ, ಮತ್ತೆ ಎರಡು ಸಾಲು ಎದುರುಬದುರು ನಿಲ್ಲುತ್ತವೆ, ಮತ್ತೆ ಚೆಂಡು ಹೊರಡುತ್ತದೆ. ಅಂದರೆ ಓಟ, ನಿಲುಗಡೆ, ಓಟ, ನಿಲುಗಡೆ. ಪ್ರತಿ ನಿಲುಗಡೆಯಲ್ಲೂ ಮುಂದಿನ ಉಪಾಯ ಏನೆಂದು ‘ಕ್ವಾರ್ಟರ್‌ಬ್ಯಾಕ್’ ಎಂಬ ಆಟಗಾರ ತನ್ನವರಿಗೆ ತಿಳಿಸಬೇಕು. ಇಡೀ ಆಟ ನಿಂತಿರುವುದು ಈ ಒಂದು ಸಂದೇಶದ ಮೇಲೆ. ಎದುರಾಳಿಗೆ ಅದು ತಿಳಿದರೆ ಕೆಟ್ಟಿತು.

ಇಲ್ಲಿಂದ ಮುಂದಿನದು ಗಡಿನಾಡಿನವರಾದ ನಿಮಗೆ ಬೇಗ ಅರ್ಥವಾಗುತ್ತದೆ. ಕನ್ನಡ ಶಾಲೆಯ ತಂಡ ಬೇರೆ ಮಾಧ್ಯಮದ ಶಾಲೆಯ ಎದುರು ಆಡುವಾಗ ‘ಏ, ಎಡಗಡೆಯಿಂದ ಹೋಗೋ’ ಎಂದು ಗಟ್ಟಿಯಾಗಿಯೇ ಕೂಗಬಹುದು. ಎದುರಿನವನಿಗೆ ಕನ್ನಡ ಬಾರದಿದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಅದೇ ಇನ್ನೊಂದು ಕನ್ನಡ ಶಾಲೆಯ ಎದುರಾದರೆ? ಗ್ಯಾಲೋಡೆಟ್ ಹುಡುಗರಿಗೆ ಆದದ್ದೂ ಇದೇ. ಕಿವಿ ಕೇಳುವವರ ತಂಡದೊಡನೆ ಆಡುವಾಗ ಕ್ವಾರ್ಟರ್‌ಬ್ಯಾಕ್ ನಡುಮೈದಾನದಲ್ಲಿ ನಿಂತು ರಾಜಾರೋಷವಾಗಿ ಕೈಯಾಡಿಸಿ ಉಪಾಯ ಹೇಳಬಹುದಿತ್ತು. ಬೇರೆ ಕಿವುಡರ ಶಾಲೆಯ ತಂಡ ಎದುರಾದಾಗ ಮಾತ್ರ ಅವನ ಒಂದೊಂದು ಬೆರಳಿನ ಚಲನೆಯನ್ನೂ ಅವರು ಓದಿಬಿಡುತ್ತಿದ್ದರು.

1892ರಿಂದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಪಾಲ್ ಹಬರ್ಡ್ ಇದಕ್ಕೆ ಒಂದು ದಾರಿ ಕಂಡುಕೊಂಡ. ತನ್ನವರನ್ನೆಲ್ಲ ಹತ್ತಿರ ಕರೆದು, ಬೆನ್ನು ಹೊರಗೆ ಮುಖ ಒಳಗೆ ಮಾಡಿ ವೃತ್ತವಾಗಿ ನಿಲ್ಲಿಸಿ, ಆ ಬೆನ್ನುಗಳ ಗೋಡೆಯೊಳಗೆ ಸನ್ನೆ ಮಾಡಿದ. ಅಷ್ಟೇ. 1894 ಎಂದು ಸಾಮಾನ್ಯವಾಗಿ ವರ್ಷ ಹೇಳುತ್ತಾರೆ. ಹಬರ್ಡ್ ಆಮೇಲೆ ಕ್ಯಾನ್ಸಸ್ ರಾಜ್ಯದ ಕಿವುಡರ ಶಾಲೆಗೆ ಮೇಷ್ಟ್ರಾಗಿ ಹೋದ. ಈ ಪದ್ಧತಿ ಅಲ್ಲಿನ ಮಕ್ಕಳಿಗೂ ಬಂತು. ಶಿಕಾಗೊ ವಿಶ್ವವಿದ್ಯಾಲಯದ ಏಮೋಸ್ ಸ್ಟಾಗ್, ಇಲಿನಾಯ್‌ನ ಬಾಬ್ ಜುಪ್ಕೆ ಎಂಬ ದೊಡ್ಡ ತರಬೇತುದಾರರ ಹೆಸರುಗಳೂ ಹಡಲ್ ಜೊತೆ ಕೇಳಿಬರುತ್ತವೆ. ಅವರವರ ಅಭಿಮಾನಿಗಳು ಇದು ನಮ್ಮದೇ ಎನ್ನುತ್ತಾರೆ. ಆದರೆ ಅವರ ಕಾಲ ಹಬರ್ಡ್‌ನಿಂದ ಈಚೆಯದು. ಜುಪ್ಕೆ ಅಂತೂ 1920ರ ದಶಕದ ಮಾತು. ನನಗೆ ಹಬರ್ಡ್‌ನ ಕಡೆಯೇ ಒಲವು. ಉಳಿದವರಿಗೆ ಅದೊಂದು ಅನುಕೂಲ, ಅವನಿಗೆ ಅದು ತಪ್ಪಿಸಿಕೊಳ್ಳಲಾಗದ ಅಗತ್ಯವಾಗಿತ್ತು.

ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿ ಆಟದ ಹುಚ್ಚಿರುವ ಮಗನೋ ಮಗಳೋ ಇದ್ದರೆ, ಹಡಲ್ ಯಾಕೆ ಕಟ್ಟುತ್ತಾರೆ ಎಂದು ಕೇಳಿ. ‘ಜೋಶ್ ಬರಲಿಕ್ಕೆ’ ಎನ್ನುತ್ತಾರೆ. ಭಾಷೆಯನ್ನು ಮರೆಮಾಡಲಿಕ್ಕೆ ಎಂದು ಹೇಳಿದರೆ ನಂಬುವುದಿಲ್ಲ.

ಹಬರ್ಡ್ ಆಡುತ್ತಿದ್ದ ಕಾಲಕ್ಕೆ ಮೈದಾನದ ಹೊರಗೆ ಬೇರೊಂದು ಜಗಳ ನಡೆದಿತ್ತು. ಅದು ಆ ಹುಡುಗರ ಕೈಗಳ ಮೇಲಿನ ಜಗಳ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ಸೇರಿತು. ಬಂದವರಲ್ಲಿ ಬಹುತೇಕರು ಕಿವಿ ಕೇಳುವವರೇ. ಸಂಜ್ಞಾಭಾಷೆಗಿಂತ ಬಾಯಿಮಾತೇ ಮೇಲು, ಶಾಲೆಗಳಲ್ಲಿ ಮಾತಿನಲ್ಲೇ ಕಲಿಸಬೇಕು ಎಂದು ಅವರು ಭಾರೀ ಬಹುಮತದಿಂದ ನಿರ್ಣಯ ಮಾಡಿದರು. ಸನ್ನೆ ಬಳಸಿದರೆ ಮಗು ಮಾತು ಕಲಿಯುವುದಿಲ್ಲ, ದೊಡ್ಡ ಸಮಾಜದಲ್ಲಿ ಬೆರೆಯುವುದಿಲ್ಲ ಎಂಬುದು ಅವರ ವಾದ. ಈ ವಾದ ನಿಮಗೆ ಎಲ್ಲೋ ಕೇಳಿದಂತೆ ಇದ್ದರೆ ಆಶ್ಚರ್ಯವಿಲ್ಲ. ವಿರೋಧಿಸಿದ ಬೆರಳೆಣಿಕೆಯ ಮಂದಿಯಲ್ಲಿ ಎಡ್ವರ್ಡ್ ಗ್ಯಾಲೋಡೆಟ್ ಒಬ್ಬರು.

ನಿರ್ಣಯದ ಪರಿಣಾಮ ದೊಡ್ಡದಾಯಿತು. ಯೂರೋಪಿನಲ್ಲೂ ಅಮೆರಿಕದಲ್ಲೂ ಶಾಲೆ ಶಾಲೆಗಳು ಬದಲಾದವು. ಮಕ್ಕಳು ತುಟಿ ನೋಡಿ ಮಾತು ಊಹಿಸಬೇಕು, ಕೈಯಾಡಿಸಿದರೆ ಶಿಕ್ಷೆ. ಕಿವುಡರೇ ಆದ ಶಿಕ್ಷಕರು ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡರು, ಮಕ್ಕಳ ಭಾಷೆ ಬಾರದ ಶಿಕ್ಷಕರು ಆ ಜಾಗಕ್ಕೆ ಬಂದರು. ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗ ತರಗತಿಯಲ್ಲಿ ಏನಾಗುತ್ತದೆ ಎಂದು ಕಾಸರಗೋಡಿನ ಪೋಷಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಬಾಯಿಮಾತಿನ ಪಕ್ಷದ ದೊಡ್ಡ ಹೆಸರು ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್. 1891ರಲ್ಲಿ ಗ್ಯಾಲೋಡೆಟ್ ಅವರು ಶಿಕ್ಷಕರ ತರಬೇತಿ ವಿಭಾಗಕ್ಕೆ ಸರ್ಕಾರದ ಹಣ ಕೇಳಿದಾಗ ಬೆಲ್ ಅಮೆರಿಕದ ಸಂಸತ್ತಿನ ಮುಂದೆ ವಿರೋಧಿಸಿದರು. ಹಬರ್ಡ್ ಕ್ವಾರ್ಟರ್‌ಬ್ಯಾಕ್ ಆಗುವುದಕ್ಕೆ ಒಂದು ವರ್ಷ ಮೊದಲಿನ ಸಂಗತಿ ಇದು.

ಗ್ಯಾಲೋಡೆಟ್ ಕಾಲೇಜು ಸಂಜ್ಞಾಭಾಷೆಯನ್ನು ಬಿಡಲಿಲ್ಲ. ಹಾಗೆಂದು ಅದು ಮೊಂಡು ಹಟವೂ ಅಲ್ಲ. ಬಾಯಿಮಾತು ಕಲಿಯಬಲ್ಲ ಮಕ್ಕಳಿಗೆ ಅದನ್ನೂ ಕಲಿಸೋಣ, ಆದರೆ ಪಾಠ ಅರ್ಥವಾಗುವ ಭಾಷೆಯಲ್ಲಿ ನಡೆಯಲಿ ಎಂಬುದು ಎಡ್ವರ್ಡ್ ಅವರ ನಿಲುವು. ಇಂಗ್ಲಿಷನ್ನು ಚೆನ್ನಾಗಿ ಕಲಿಸಿ, ವಿಜ್ಞಾನ ಗಣಿತ ಕನ್ನಡದಲ್ಲಿರಲಿ ಎಂದು ನೀವು ಶಾಲೆಯ ಪೋಷಕರ ಸಭೆಯಲ್ಲಿ ಹೇಳುವ ಮಾತಿಗೆ ಇದು ಬಹಳ ದೂರವೇನಲ್ಲ. ಮುಂದೆ ದಶಕಗಟ್ಟಲೆ, ಸನ್ನೆ ನಿಷೇಧಿಸಿದ ಶಾಲೆಗಳಲ್ಲಿ ಬೆಳೆದ ಹುಡುಗರು ಈ ಕಾಲೇಜಿಗೆ ಬಂದ ಮೇಲೆಯೇ ತಮ್ಮ ಭಾಷೆಯನ್ನು ಮನಸಾರೆ ಆಡಿದರು.

1955ರಲ್ಲಿ ವಿಲಿಯಂ ಸ್ಟೋಕೀ ಎಂಬ ಇಂಗ್ಲಿಷ್ ಪ್ರಾಧ್ಯಾಪಕರು ಇಲ್ಲಿಗೆ ಬಂದರು. ವಿದ್ಯಾರ್ಥಿಗಳ ಸನ್ನೆಗಳನ್ನು ನೋಡುತ್ತ ನೋಡುತ್ತ ಇದು ಇಂಗ್ಲಿಷಿನ ಮುರುಕಲು ರೂಪವಲ್ಲ, ತನ್ನದೇ ವ್ಯಾಕರಣವಿರುವ ಪೂರ್ಣ ಭಾಷೆ ಎಂದು ಅವರಿಗೆ ಹೊಳೆಯಿತು. 1960ರಲ್ಲಿ ಅದನ್ನು ಬರೆದು ಪ್ರಕಟಿಸಿದಾಗ ಮೊದಮೊದಲು ಅವರ ಜೊತೆಗಿದ್ದವರೇ ನಂಬಲಿಲ್ಲ. ಇಂದು ಭಾಷಾವಿಜ್ಞಾನದಲ್ಲಿ ಅದು ಪ್ರಶ್ನೆಯೇ ಅಲ್ಲ. ಮಿಲಾನ್ ನಿರ್ಣಯಗಳನ್ನು ಅದೇ ಸಮ್ಮೇಳನದ ಪರಂಪರೆಯವರು 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ತಳ್ಳಿಹಾಕಿ ವಿಷಾದ ಸೂಚಿಸಿದರು. ಅಷ್ಟು ಹೊತ್ತಿಗೆ 130 ವರ್ಷ ಕಳೆದಿತ್ತು.

ತಂಡದ ಲೆಕ್ಕಪುಸ್ತಕಕ್ಕೆ ಬರೋಣ. ಮುಚ್ಚಿಡುವುದೇನು, ಗ್ಯಾಲೋಡೆಟ್ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಸುಮಾರು ಒಂದೂವರೆ ಸಾವಿರ ವಿದ್ಯಾರ್ಥಿಗಳ ಸಂಸ್ಥೆ, ಅದರಲ್ಲೂ ದಷ್ಟಪುಷ್ಟ ಹುಡುಗರು ಎಷ್ಟು ಸಿಕ್ಕಾರು? ಮಕ್ಕಳ ಸಂಖ್ಯೆ ಸಾಲದೆ ತರಗತಿ ಮುಚ್ಚುವ ಭಯ ಕಂಡ ನಿಮಗೆ ಈ ಕಷ್ಟ ಗೊತ್ತು. 1990ರ ದಶಕದಲ್ಲಿ ತಂಡ ಅಧಿಕೃತ ಕಾಲೇಜು ಪಂದ್ಯಾವಳಿಯಿಂದ ಹೊರಬಿದ್ದು ಬರೀ ಕ್ಲಬ್ ಮಟ್ಟಕ್ಕೆ ಇಳಿಯಿತು.

ಆಡುವ ರೀತಿಯಲ್ಲೂ ಅವರಿಗೆ ಬೇರೆಯದೇ ತೊಡಕುಗಳು. ಬೇರೆ ತಂಡಗಳಲ್ಲಿ ಕ್ವಾರ್ಟರ್‌ಬ್ಯಾಕ್ ಕೂಗಿದೊಡನೆ ಚೆಂಡು ಹೊರಡುತ್ತದೆ. ಇವರಿಗೆ ಕೂಗು ಕೇಳದು, ರೆಫ್ರಿಯ ಸೀಟಿಯೂ ಕೇಳದು. ಅದಕ್ಕೆ ಒಂದು ಕಾಲದಲ್ಲಿ ಮೈದಾನದ ಅಂಚಿನಲ್ಲಿ ದೊಡ್ಡದೊಂದು ಡ್ರಮ್ ಇಟ್ಟು ಬಾರಿಸುತ್ತಿದ್ದರು. ಅದರ ಕಂಪನ ಮೈಗೆ ತಾಗಿದಾಗ ಲೆಕ್ಕ ಸಿಗುತ್ತಿತ್ತು. ಯಕ್ಷಗಾನದಲ್ಲಿ ಚೆಂಡೆಯ ಹತ್ತಿರ ಕೂತವರಿಗೆ, ಜತ್ತ, ಅಕ್ಕಲಕೋಟೆ ಕಡೆಯ ಜಾತ್ರೆಯಲ್ಲಿ ಡೊಳ್ಳಿನ ಪಕ್ಕ ನಿಂತವರಿಗೆ ಈ ಮಾತು ತಕ್ಷಣ ಹಿಡಿಯುತ್ತದೆ. ಅಲ್ಲಿ ಎದೆಯೊಳಗೇ ಬಾರಿಸಿದಂತಾಗುತ್ತದೆ, ಕಿವಿ ಮುಚ್ಚಿಕೊಂಡರೂ ತಪ್ಪುವುದಿಲ್ಲ. ಇನ್ನು ಚೆಂಡಿನ ಮೇಲೇ ಕಣ್ಣಿಟ್ಟು, ಅದು ಅಲುಗಿದ ಕ್ಷಣಕ್ಕೆ ಮುನ್ನುಗ್ಗುವುದು ಅವರ ಇನ್ನೊಂದು ರೂಢಿ. ಒಂದು ಲಾಭವೂ ಉಂಟು. ಎದುರು ತಂಡದ ಅಭಿಮಾನಿಗಳು ಎಷ್ಟೇ ಗಲಾಟೆ ಮಾಡಿದರೂ ಇವರ ಮಾತುಕತೆ ಕೆಡುವುದಿಲ್ಲ.

2005ರಲ್ಲಿ ಎಡ್ ಹಾಟಲ್ ಎಂಬ ತರಬೇತುದಾರರ ಕೈಯಲ್ಲಿ ಕ್ಲಬ್ ತಂಡ 9 ಪಂದ್ಯ ಆಡಿ 9ನ್ನೂ ಗೆದ್ದಿತು. ಶತಮಾನ ದಾಟಿದ ಆಟದ ಚರಿತ್ರೆಯಲ್ಲಿ ಇಂಥದ್ದು ಅದೇ ಮೊದಲು. 2007ರಲ್ಲಿ ತಂಡ ಮತ್ತೆ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದ ಮೂರನೆಯ ವಿಭಾಗಕ್ಕೆ ಮರಳಿತು. ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡದ ಕಾಲೇಜುಗಳ ವಿಭಾಗ ಅದು. 2013ರಲ್ಲಿ ಚಕ್ ಗೋಲ್ಡ್‌ಸ್ಟೀನ್ ತರಬೇತಿಯಲ್ಲಿ ತಮ್ಮ ವಲಯದ ಪ್ರಶಸ್ತಿ ಗೆದ್ದು ಮೊಟ್ಟಮೊದಲ ಬಾರಿಗೆ ರಾಷ್ಟ್ರೀಯ ಪ್ಲೇಆಫ್ ಹಂತ ತಲುಪಿದರು. ಅಲ್ಲಿ ಮೊದಲ ಸುತ್ತಿನಲ್ಲೇ ಹೋಬರ್ಟ್ ಕಾಲೇಜಿಗೆ ಸೋತರು. 2022ರಲ್ಲಿ ಇನ್ನೊಮ್ಮೆ ಹೋದರು, ಇನ್ನೊಮ್ಮೆ ಸೋತರು.

ಮೈದಾನ ಇನ್ನೊಂದು ಕೆಲಸಕ್ಕೂ ಬಂದಿದೆ. 1988ರ ಹೊತ್ತಿಗೆ ಸಂಸ್ಥೆಗೆ 124 ವರ್ಷಗಳ ಪದವಿ ಪರಂಪರೆ ಇತ್ತು, ಆದರೆ ಕಿವುಡರೊಬ್ಬರು ಒಮ್ಮೆಯೂ ಅದರ ಅಧ್ಯಕ್ಷರಾಗಿರಲಿಲ್ಲ. ಆ ವರ್ಷದ ಮಾರ್ಚ್ 1ರಂದು, ಈ ಬಾರಿಯಾದರೂ ನಮ್ಮವರು ಬೇಕು ಎಂದು ವಿದ್ಯಾರ್ಥಿಗಳು ಫುಟ್‌ಬಾಲ್ ಮೈದಾನದಲ್ಲಿ ಸೇರಿದರು. ಆಡಳಿತ ಮಂಡಳಿ ಮಾತ್ರ ಸಂಜ್ಞಾಭಾಷೆಯೇ ಬಾರದ, ಕಿವಿ ಕೇಳುವ ಎಲಿಜಬೆತ್ ಜಿನ್ಸರ್ ಅವರನ್ನು ಆರಿಸಿತು. ಹುಡುಗರು ಸಂಸ್ಥೆಯ ಗೇಟುಗಳಿಗೆ ಬೀಗ ಜಡಿದರು, ಗೇಟಿನೆದುರು ಕಾರು ತಂದು ನಿಲ್ಲಿಸಿ ಚಕ್ರದ ಗಾಳಿ ತೆಗೆದರು. ಒಂದು ವಾರ ಪಾಠ ನಡೆಯಲಿಲ್ಲ. ಜಿನ್ಸರ್ ರಾಜೀನಾಮೆ ಕೊಟ್ಟರು. ಮಾರ್ಚ್ 13ರಂದು ಅದೇ ಸಂಸ್ಥೆಯ ಪ್ರಾಧ್ಯಾಪಕ, ಕಿವುಡರಾದ ಐ. ಕಿಂಗ್ ಜೋರ್ಡನ್ ಅಧ್ಯಕ್ಷರಾದರು. ಅಲ್ಲಿಂದೀಚೆಗೆ ಆ ಕುರ್ಚಿಯಲ್ಲಿ ಕಿವಿ ಕೇಳುವವರು ಕೂತಿಲ್ಲ.

ಕನ್ನಡ ಶಾಲೆಗೂ ಆ ಕಾಲೇಜಿಗೂ ಪೂರ್ತಿ ಹೋಲಿಕೆ ಇಲ್ಲ ಎಂಬುದನ್ನೂ ಹೇಳಬೇಕು. ನಿಮ್ಮ ಮಗು ಕನ್ನಡದ ಜೊತೆ ಮರಾಠಿ, ಮಲಯಾಳ, ತಮಿಳು, ತೆಲುಗನ್ನೂ ಕಿವಿಯಿಂದಲೇ ಕಲಿತುಬಿಡುತ್ತದೆ. ಅಲ್ಲಿನ ಮಕ್ಕಳಿಗೆ ಆ ದಾರಿ ಇಲ್ಲ.

2023ರಲ್ಲಿ ಒಂದು ಹೊಸ ಹೆಲ್ಮೆಟ್ ಬಂತು. ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಕಾಲೇಜಿನ ಜೊತೆ ಸೇರಿ ಮಾಡಿದ್ದು. ಅಂಚಿನಲ್ಲಿ ನಿಂತ ತರಬೇತುದಾರ ಟ್ಯಾಬ್ಲೆಟ್ಟಿನಲ್ಲಿ ಉಪಾಯವನ್ನು ಒತ್ತಿದರೆ, ಕ್ವಾರ್ಟರ್‌ಬ್ಯಾಕ್‌ನ ಕಣ್ಣಿನ ಮುಂದಿರುವ ಪುಟ್ಟ ಗಾಜಿನ ಮೇಲೆ ಅದು ಬರಹವಾಗಿ ಮೂಡುತ್ತದೆ. ಟೆಲಿಫೋನು ಬಂದ ಮೊದಲ ದಶಕಗಳಲ್ಲಿ ಕಿವಿ ಕೇಳದವರಿಗೆ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಬೆಲ್ ಅವರ ಟೆಲಿಫೋನಿನಿಂದಲೇ ಬೆಳೆದ ಕಂಪನಿ ಗ್ಯಾಲೋಡೆಟ್ ಹುಡುಗರಿಗೆ ಇದನ್ನು ಮಾಡಿಕೊಟ್ಟಿತು ಎಂಬುದು ನನಗಂತೂ ಸ್ವಾರಸ್ಯವಾಗಿ ಕಂಡಿತು. ಒಂದೇ ಪಂದ್ಯಕ್ಕೆ ಪ್ರಯೋಗವಾಗಿ ಅನುಮತಿ ಸಿಕ್ಕಿತ್ತು. ಅಕ್ಟೋಬರ್ 7ರಂದು ಹಿಲ್ಬರ್ಟ್ ಕಾಲೇಜಿನ ಎದುರು ಅದನ್ನು ಹಾಕಿಕೊಂಡು ಆಡಿದರು. ಗ್ಯಾಲೋಡೆಟ್ 34, ಹಿಲ್ಬರ್ಟ್ 20. ಆ ವರ್ಷದ ಅವರ ಮೊದಲ ಗೆಲುವು ಅದು.