ಸಿಸೇರಿಯನ್ ಹೊಲಿಗೆ ಒಣಗಿತು, ಆಮೇಲೆ?

ಹೆರಿಗೆಯ ಸುದ್ದಿ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಮೂರು ಪ್ರಶ್ನೆ. ಗಂಡೋ ಹೆಣ್ಣೋ? ತೂಕ ಎಷ್ಟು? ನಾರ್ಮಲಾ, ಆಪರೇಷನ್ನಾ? ಆಪರೇಷನ್ ಎಂದರೆ ಫೋನಿನ ಆ ಕಡೆಯಿಂದ ಒಂದು ‘ಯಾ ಅಲ್ಲಾಹ್’ ಬರುತ್ತದೆ, ಇಲ್ಲವೇ ‘ಹೋಗಲಿ, ನೋವು ತಿನ್ನದೆ ಆಯಿತಲ್ಲ’ ಎಂಬ ಸಮಾಧಾನ. ಈ ಎರಡನೆಯ ಮಾತೇ ಬಾಣಂತಿಯ ಬಾಯಿ ಕಟ್ಟುವುದು. ನೋವು ತಿನ್ನದೆ ಹೆತ್ತವಳು ಎಂದು ಎಲ್ಲರೂ ತೀರ್ಮಾನಿಸಿದ ಮೇಲೆ, ಎರಡು ವರ್ಷ ಕಳೆದು ‘ಅಲ್ಲಿ ಇನ್ನೂ ಒಂಥರಾ ಆಗುತ್ತದೆ’ ಎಂದು ಅವಳು ಯಾರಲ್ಲಿ ಹೇಳಬೇಕು?

ಇದು ಒಂದೆರಡು ಮನೆಯ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31ಕ್ಕಿಂತ ಹೆಚ್ಚು ಹೆರಿಗೆಗಳು ಸಿಸೇರಿಯನ್. ಹೆಚ್ಚುಕಡಿಮೆ ಮೂರರಲ್ಲಿ ಒಂದು. ಅವುಗಳಲ್ಲಿ ಎಷ್ಟು ಅಗತ್ಯ, ಎಷ್ಟು ಅನಗತ್ಯ ಎಂಬ ಜಗಳ ಬೇರೆಯೇ ಇದೆ. ಇವತ್ತು ಅದು ಬೇಡ. ಆಗಿ ಹೋದದ್ದರ ಬಗ್ಗೆ ಮಾತಾಡುವ.

ಹೊರಗೆ ಕಾಣುವುದು ಕೆಳಹೊಟ್ಟೆಯಲ್ಲಿ ಅಡ್ಡಕ್ಕೆ ಒಂದು ಗೆರೆ ಮಾತ್ರ. ಒಳಗೆ ಅದು ಒಂದೇ ಗೆರೆಯಲ್ಲ. ಚರ್ಮ, ಅದರಡಿಯ ಕೊಬ್ಬು, ಸ್ನಾಯುವಿನ ಮೇಲಿನ ಗಟ್ಟಿ ಪೊರೆ ಇವನ್ನು ಕುಯ್ಯುತ್ತಾರೆ. ಹೊಟ್ಟೆಯ ಸ್ನಾಯುಗಳನ್ನು ಸಾಮಾನ್ಯವಾಗಿ ಕುಯ್ಯುವುದಿಲ್ಲ, ನಡುವಿನಿಂದ ಎರಡು ಬದಿಗೆ ಸರಿಸುತ್ತಾರೆ. ಆಮೇಲೆ ಒಳಪದರ, ಕೊನೆಗೆ ಗರ್ಭಕೋಶ. ಮೂತ್ರಕೋಶ ಅಲ್ಲೇ ಅಂಟಿಕೊಂಡಂತೆ ಇರುವುದರಿಂದ ಅದನ್ನೂ ಜೋಪಾನ ಮಾಡಬೇಕು. ಇಷ್ಟೆಲ್ಲ ಪದರ ಮತ್ತೆ ಕೂಡಿಕೊಳ್ಳಬೇಕು. ಮೇಲಿನ ಹೊಲಿಗೆ ಹತ್ತು ದಿನದಲ್ಲಿ ಒಣಗಿದಂತೆ ಕಾಣುತ್ತದೆ, ಒಳಗಿನದಕ್ಕೆ ತಿಂಗಳುಗಳು ಬೇಕು. ಕೂಡಿಕೊಂಡ ಜಾಗಕ್ಕೆ ಮೊದಲಿನಷ್ಟೇ ಬಲ ಪೂರ್ತಿ ಬರುವುದೂ ಇಲ್ಲ.

ಹೆಚ್ಚಿನವರು ಮೊದಲು ಗಮನಿಸುವುದು ಮರಗಟ್ಟಿದ ಚರ್ಮ. ಗೆರೆಯ ಮೇಲೆ, ಸುತ್ತಮುತ್ತ ಮುಟ್ಟಿದರೆ ಗೊತ್ತೇ ಆಗುವುದಿಲ್ಲ, ಅಥವಾ ಬಟ್ಟೆ ತಾಗಿದರೆ ಜುಮ್ಮೆನ್ನುತ್ತದೆ. ಚರ್ಮದ ಸಣ್ಣ ನರಗಳು ಕುಯ್ಯಲ್ಪಟ್ಟದ್ದರಿಂದ ಹೀಗಾಗುತ್ತದೆ. ಹಲವರಿಗೆ ಒಂದು ವರ್ಷದೊಳಗೆ ಸರಿಯಾಗುತ್ತದೆ, ಕೆಲವರಿಗೆ ಒಂದು ಅಂಗೈಯಷ್ಟು ಜಾಗ ಜೀವಮಾನವಿಡೀ ಹಾಗೆಯೇ ಉಳಿಯುತ್ತದೆ. ಅಪಾಯವಿಲ್ಲ. ಆದರೆ ನಮ್ಮ ಬಾಣಂತನದ ರೀತಿಗೆ ಇಲ್ಲೊಂದು ಎಚ್ಚರಿಕೆ ಬೇಕು. ಹಂಡೆಯ ಹಬೆಯಾಡುವ ನೀರನ್ನು ತಂಬಿಗೆಯಲ್ಲಿ ಎತ್ತಿ ಹೊಟ್ಟೆಗೆ ಹೊಯ್ಯುವುದು, ನೋವಿಗೆಂದು ಬಿಸಿನೀರಿನ ಚೀಲ ಇಡುವುದು ನಮ್ಮಲ್ಲಿ ಇದೆ. ಮರಗಟ್ಟಿದ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ, ಸುಟ್ಟು ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಬಾಣಂತನ ಮಾಡಿಸುವ ಹಿರಿಯರು ನೀರನ್ನು ಮೊದಲು ತಮ್ಮ ಮೊಣಕೈಗೆ ಹೊಯ್ದು ನೋಡಲಿ. ಮಗುವಿಗೆ ಹಾಗೆ ಮಾಡುತ್ತೇವಲ್ಲ, ತಾಯಿಗೂ ಮಾಡಿದರೆ ತಪ್ಪೇನು?

ಇನ್ನೊಂದು, ಗೆರೆಯ ಮೇಲೆ ಜೋತು ಬಿದ್ದ ಹೊಟ್ಟೆ. ಗಾಯ ಒಳಗಿನ ಪದರಕ್ಕೆ ಅಂಟಿಕೊಂಡು ಕೆಳಗೆ ಎಳೆದಿರುತ್ತದೆ, ಮೇಲಿನ ಕೊಬ್ಬು ಮಡಿಕೆಯಾಗಿ ಕೂರುತ್ತದೆ. ಊಟ ಬಿಟ್ಟರೆ ಅದು ಹೋಗುವುದಿಲ್ಲ. ‘ಬಟ್ಟೆ ಸರಿಯಾಗಿ ಕಟ್ಟಲಿಲ್ಲ, ಅದಕ್ಕೇ’ ಎಂಬ ಆರೋಪ ಮಾತ್ರ ತಪ್ಪದೆ ಬರುತ್ತದೆ. ಬಟ್ಟೆ ಕಟ್ಟಿದರೆ ಏಳುವಾಗ, ಕೆಮ್ಮುವಾಗ ಆಸರೆ ಸಿಗುತ್ತದೆ, ಅಷ್ಟೇ. ಅಗಲಿದ ಸ್ನಾಯುವನ್ನು ಬಟ್ಟೆ ಕೂಡಿಸುವುದಿಲ್ಲ. ಮಂಗಳೂರಿನ ಸೆಕೆಯಲ್ಲಿ, ಬುರ್ಖಾದೊಳಗೆ, ಆ ಮಡಿಕೆಯಲ್ಲಿ ಬೆವರು ನಿಂತು ಕಜ್ಜಿ ಏಳುವುದು ಸಾಮಾನ್ಯ. ದಿನಾ ಒರೆಸಿ ಒಣಗಿಸಿದರೆ ಅರ್ಧ ಕಡಿಮೆ.

ಸ್ನಾಯು ಅಗಲಿದೆಯಾ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಗಾಯ ಪೂರ್ತಿ ಮಾಗಿದ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಯನ್ನು ಸ್ವಲ್ಪ ಎತ್ತಿ ಹೊಕ್ಕುಳಿನ ಮೇಲೆ ಬೆರಳಿಟ್ಟು ನೋಡುವುದು. ಎರಡು ಬೆರಳಿಗಿಂತ ಹೆಚ್ಚು ಅಗಲದ ಸಂದು ಇದ್ದರೆ ಫಿಸಿಯೋಥೆರಪಿಯವರಿಗೆ ತೋರಿಸಬೇಕು. ಇದು ನಾರ್ಮಲ್ ಹೆರಿಗೆಯಾದವರಿಗೂ ಬರುತ್ತದೆ, ಬಸಿರಿನದ್ದೇ ಕೆಲಸ. ಯೂಟ್ಯೂಬ್ ನೋಡಿ ಹೊಟ್ಟೆ ಇಳಿಸುವ ಕಸರತ್ತು ಶುರು ಮಾಡಿದರೆ ಸಂದು ಇನ್ನೂ ಹೆಚ್ಚಬಹುದು.

ಸೊಂಟನೋವಿಗೆಲ್ಲ ‘ಬೆನ್ನಿಗೆ ಕೊಟ್ಟ ಇಂಜೆಕ್ಷನ್ನೇ ಕಾರಣ’ ಎನ್ನುವುದು ನಮ್ಮಲ್ಲಿ ಹದೀಸಿನಷ್ಟು ಗಟ್ಟಿಯಾಗಿದೆ. ವೈದ್ಯಕೀಯ ಅಧ್ಯಯನಗಳು ಅದನ್ನು ಒಪ್ಪುವುದಿಲ್ಲ. ಇಂಜೆಕ್ಷನ್ ಇಲ್ಲದೆ ಹೆತ್ತವರಿಗೂ ಸೊಂಟ ನೋಯುತ್ತದೆ. ಸಡಿಲವಾದ ಹೊಟ್ಟೆಯ ಸ್ನಾಯು, ಬಗ್ಗಿ ಕೂತು ಹಾಲೂಡಿಸುವುದು, ಮಗುವನ್ನು ಒಂದೇ ಸೊಂಟದಲ್ಲಿ ಹೊರುವುದು, ಕಾರಣಗಳನ್ನು ಅಲ್ಲಿ ಹುಡುಕಬೇಕು.

ನಾಚಿಕೆಯಿಂದ ಮುಚ್ಚಿಡುವ ಎರಡು ವಿಷಯಗಳಿವೆ, ಅವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಒಂದು, ಮುಟ್ಟು ಮುಗಿದ ಮೇಲೂ ದಿನಗಟ್ಟಲೆ ಕಂದು ಬಣ್ಣದ ಸ್ರಾವ. ಸ್ನಾನ ಮಾಡಿ ನಮಾಝ್ ಶುರು ಮಾಡಿದ ಮೇಲೆ ಮತ್ತೆ ಕಲೆ ಕಂಡರೆ ನಾವು ನೇರ ಉಸ್ತಾದರ ಮನೆಯವರಲ್ಲಿ ಮಸ್‌ಅಲ ಕೇಳುತ್ತೇವೆ, ಹೈಳಾ, ಇಸ್ತಿಹಾಳವಾ ಎಂದು. ಕೇಳಲೇಬೇಕು. ಆದರೆ ಸಿಸೇರಿಯನ್ ಆದವಳಾದರೆ ಡಾಕ್ಟರಲ್ಲೂ ಕೇಳಬೇಕು. ಗರ್ಭಕೋಶದ ಒಳಗೆ ಹೊಲಿಗೆಯ ಜಾಗದಲ್ಲಿ ಸಣ್ಣ ಗುಳಿ ಬಿದ್ದಿರಬಹುದು. ಮುಟ್ಟಿನ ರಕ್ತ ಅದರಲ್ಲಿ ನಿಂತು ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಸ್ಕ್ಯಾನಿಂಗಿನಲ್ಲಿ ಅದು ಕಾಣುತ್ತದೆ, ಚಿಕಿತ್ಸೆಯೂ ಇದೆ.

ಇನ್ನೊಂದು, ಗೆರೆಯ ಮೂಲೆಯಲ್ಲಿ ಗಂಟು. ಪ್ರತಿ ತಿಂಗಳು ಮುಟ್ಟಿನ ಹೊತ್ತಿಗೆ ಊದುತ್ತದೆ, ನೋಯುತ್ತದೆ, ಆಮೇಲೆ ಇಳಿಯುತ್ತದೆ. ‘ನೂಲು ಒಳಗೆ ಉಳಿದಿದೆ’ ಎಂದು ವರ್ಷಗಟ್ಟಲೆ ಸುಮ್ಮನಿರುವವರಿದ್ದಾರೆ. ಗರ್ಭಕೋಶದ ಒಳಪದರದ ಚೂರು ಗಾಯದಲ್ಲಿ ಬೇರೂರಿದರೆ ಹೀಗಾಗುತ್ತದೆ. ತೆಗೆಸಿದರೆ ಹೆಚ್ಚಿನವರಿಗೆ ಗುಣವಾಗುತ್ತದೆ. ಮುಟ್ಟಿಗೆ ಸಂಬಂಧವಿಲ್ಲದೆ, ಕೆಮ್ಮಿದಾಗ ಉಬ್ಬಿ ಮಲಗಿದಾಗ ಒಳಹೋಗುವ ಗಂಟಾದರೆ ಅದು ಹರ್ನಿಯಾ ಇರಬಹುದು, ಅದನ್ನೂ ತೋರಿಸಬೇಕು.

ನಮಾಝಿನ ಬಗ್ಗೆ ಒಂದು ಮಾತು. ನಮ್ಮ ಶಾಫಿಈ ಮದ್‌ಹಬಿನಲ್ಲಿ ನಿಫಾಸ್ ಸಾಮಾನ್ಯವಾಗಿ 40 ದಿನ, ಹೆಚ್ಚೆಂದರೆ 60. ಅದಕ್ಕೂ ಮೊದಲೇ ರಕ್ತ ನಿಂತು ನಮಾಝ್ ಶುರುವಾದರೆ ಸುಜೂದಿನಿಂದ ಏಳುವಾಗ ಹೊಟ್ಟೆ ಕಿತ್ತು ಬಂದಂತಾಗುತ್ತದೆ. ನಿಲ್ಲಲು, ಬಗ್ಗಲು ಆಗದವರಿಗೆ ಕೂತು ನಮಾಝ್ ಮಾಡುವ ರಿಯಾಯಿತಿ ದೀನ್ ಕೊಟ್ಟಿದೆ. ವಯಸ್ಸಾದ ಉಮ್ಮ ಕುರ್ಚಿಯಲ್ಲಿ ಕೂತರೆ ಯಾರೂ ಕೇಳುವುದಿಲ್ಲ. ಇಪ್ಪತ್ತೈದರ ಸೊಸೆ ಕೂತರೆ ‘ಎಂಥ ಆಗಿದೆ ನಿನಗೆ?’

ಈಗ ಮುಂದಿನ ಮಗುವಿನ ವಿಷಯ. ಮೂರು, ನಾಲ್ಕು ಮಕ್ಕಳಿರುವ ಮನೆಗಳು ನಮ್ಮಲ್ಲಿ ಅಪರೂಪವಲ್ಲ, ಆದ್ದರಿಂದ ಇದು ಗಂಡಸರೂ ಓದಬೇಕಾದದ್ದು. ಗರ್ಭಕೋಶದ ಗಾಯದ ಮೇಲೆಯೇ ಮುಂದಿನ ಬಸಿರಿನ ಮಾಸು ಕೂತರೆ ಅದು ಆಳಕ್ಕೆ ಬೇರು ಬಿಡಬಹುದು. ಹೆರಿಗೆಯಲ್ಲಿ ಬಿಟ್ಟು ಬರುವುದಿಲ್ಲ, ರಕ್ತ ಹರಿಯುತ್ತದೆ, ಜೀವ ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಮಾಸು ಕೆಳಗೆ ಬಾಯಿಗೆ ಅಡ್ಡ ಕೂತಿದ್ದ ಹೆಂಗಸರ ಪೈಕಿ ಎರಡನೆಯ ಸಿಸೇರಿಯನ್ನಿನಲ್ಲಿ ನೂರಕ್ಕೆ 11 ಮಂದಿಗೆ, ಮೂರನೆಯದರಲ್ಲಿ 40 ಮಂದಿಗೆ ಹೀಗೆ ಅಂಟಿಕೊಂಡಿತ್ತು. ಮಾಸು ಹಾಗೆ ಕೆಳಗೆ ಕೂರುವುದು ಎಲ್ಲರಿಗೂ ಅಲ್ಲ. ಆದರೆ ಯಾರಿಗೆ ಎಂದು ಸ್ಕ್ಯಾನ್ ಮಾಡಿಸದೆ ಗೊತ್ತಾಗುವುದಿಲ್ಲ. ಮೊದಲು ಸಿಸೇರಿಯನ್ ಆದವಳು ಐದು ತಿಂಗಳ ಸ್ಕ್ಯಾನಿಂಗ್ ತಪ್ಪಿಸಬಾರದು. ‘ಮಾಸು ಎಲ್ಲಿದೆ?’ ಎಂದು ಬಾಯಿಬಿಟ್ಟು ಕೇಳಬೇಕು.

ಅಂತರವೂ ಬೇಕು. ಹೆರಿಗೆಯಿಂದ ಮುಂದಿನ ಬಸಿರಿಗೆ ಕನಿಷ್ಠ ಒಂದೂವರೆ, ಎರಡು ವರ್ಷ ಇರಲಿ ಎನ್ನುತ್ತಾರೆ ವೈದ್ಯರು. ಎದೆಹಾಲಿಗೆ ಪೂರ್ಣ ಎರಡು ವರ್ಷ ಎಂದು ಸೂರಃ ಅಲ್ ಬಕರದಲ್ಲಿ ಇರುವುದು ನಮಗೆ ಗೊತ್ತು. ಗಂಡನ ರಜೆ ಎರಡು ತಿಂಗಳು, ಆಮೇಲೆ ಮತ್ತೆ ದಮ್ಮಾಮ್ ಎಂಬ ಲೆಕ್ಕದಲ್ಲಿ ಈ ಅಂತರ ಎಷ್ಟೋ ಮನೆಗಳಲ್ಲಿ ಮರೆತುಹೋಗುತ್ತದೆ.

ಕೊನೆಗೆ, ಆಸ್ಪತ್ರೆಯಿಂದ ಬರುವಾಗ ಕೊಡುವ ಡಿಸ್ಚಾರ್ಜ್ ಕಾಗದ. ಗರ್ಭಕೋಶವನ್ನು ಅಡ್ಡಕ್ಕೆ ಕುಯ್ದದ್ದಾ, ಉದ್ದಕ್ಕಾ, ಯಾಕೆ ಆಪರೇಷನ್ ಆಯಿತು, ಒಳಗೆ ಅಂಟು ಇತ್ತಾ ಎಂಬುದನ್ನು ಅದರಲ್ಲಿ ಬರೆಸಿಕೊಳ್ಳಬೇಕು. ಹೊರಗಿನ ಗೆರೆ ನೋಡಿ ಒಳಗಿನದ್ದು ಹೇಳಲಾಗುವುದಿಲ್ಲ. ಮುಂದಿನ ಹೆರಿಗೆ ನಾರ್ಮಲ್ ಆಗಬಹುದೇ ಎಂದು ಡಾಕ್ಟರು ತೀರ್ಮಾನಿಸುವಾಗ ಮೊದಲು ಕೇಳುವುದೇ ಅದನ್ನು. ತವರಿನಲ್ಲಿ ಹೆತ್ತು ಗಂಡನ ಮನೆಗೆ ಹೋಗುವಾಗ ಆ ಕಾಗದ ಉಮ್ಮನ ಕಪಾಟಿನಲ್ಲೇ ಉಳಿಯುತ್ತದೆ. ಪಾಸ್‌ಪೋರ್ಟ್ ಇಡುವ ಫೈಲಿನಲ್ಲಿ ಅದನ್ನೂ ಇಡಿ, ಒಂದು ಫೋಟೊ ತೆಗೆದು ಗಂಡನ ಮೊಬೈಲಿಗೂ ಕಳಿಸಿ.